ಸಿಗಿರಿಯಾ ಬೆಟ್ಟಕ್ಕೆ ಬರಿಗಾಲಲ್ಲಿ

ಶ್ರೀಲಂಕಾ ಪ್ರವಾಸದಲ್ಲಿ ಸಿಗಿರಿಯಾ ಬಂಡೆಯ ಬುಡ ತಲುಪುತ್ತಿದ್ದಂತೆ ನಮ್ಮ ಸೊರಬದ ಅತ್ತೆ ಚಪ್ಪಲಿ ಬಿಟ್ಟರು. ದೇವಿಯ ಗುಡಿಯಿರುವ ಚಂದ್ರಗುತ್ತಿ ಬೆಟ್ಟವನ್ನು ಬರಿಗಾಲಲ್ಲೇ ಹತ್ತಿ ಬೆಳೆದವರು. ಮೆಟ್ಟಿಲಿದ್ದ ಮೇಲೆ ತುದಿಯಲ್ಲಿ ದೇವರಿರಲೇಬೇಕು ಎಂಬುದು ಅವರ ಲೆಕ್ಕ.

"ಇದು ಗುಡಿಯಲ್ಲ, ಕಾಲು ಸುಡುತ್ತೆ" ಎಂದು ರೇಗಿದೆ. ಕೇಳಲಿಲ್ಲ. ಚೀಲದಲ್ಲಿ ಬಾಳೆಹಣ್ಣು, ಊದುಬತ್ತಿ ಬೇರೆ ಇಟ್ಟುಕೊಂಡಿದ್ದರು. ಅರ್ಧ ದಾರಿಯಲ್ಲಿ ಕಲ್ಲಿನ ಸಿಂಹದ ಪಂಜಕ್ಕೂ ಕೈಮುಗಿದರು.

ಮೇಲೆ ಮುರಿದ ಗೋಡೆಗಳು, ಒಂದು ಕೊಳ, ಸುತ್ತ ಕಣ್ಣು ಹಾಯುವಷ್ಟು ಕಾಡು.

"ದೇವ್ರೆಲ್ಲಿ ಮಾರಾಯ?" ಎಂದರು.

ಅಪ್ಪನನ್ನು ಕೊಂದು, ಸೋದರನಿಗೆ ಹೆದರಿ ಇಲ್ಲಿ ಅರಮನೆ ಕಟ್ಟಿಕೊಂಡ ರಾಜನ ಕತೆ ಹೇಳಿದೆ. ನನ್ನ ದನಿಯಲ್ಲಿ ಗೆದ್ದ ಧಿಮಾಕಿತ್ತು.

ಅತ್ತೆ ಕೆಂಪಾದ ಅಂಗಾಲು ಒತ್ತಿಕೊಂಡು, ಒಂದು ಬಾಳೆಹಣ್ಣನ್ನು ಮುರಿದ ಗೋಡೆಯ ಮೇಲಿಟ್ಟರು.

"ಪಾಪ, ಅಷ್ಟು ಹೆದ್ರಿದೋನು ಒಂದಿನನಾದ್ರೂ ಹೊಟ್ಟೆ ತುಂಬ ಉಂಡಿದ್ನೋ ಇಲ್ವೋ."