ಹೊಸ್ತಿಲು ಹೋದ ಜಾಗ

ಇವತ್ತು ಹಾಲು ಕಾಯಿಸಿದೆ, ನಾಳೆಯ ದೋಸೆಗೆ ಉದ್ದು ನೆನೆಹಾಕಿದೆ, ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ, ಬಟ್ಟೆ ಒಣಹಾಕಿದೆ. ಆಮೇಲೆ ಬಾಲ್ಕನಿಗೆ ಎರಡು ಬಾಲ್ದಿ ನೀರು ಸುರಿದು, ಅದು ಒಳಗೆ ಬರುತ್ತದೋ ಎಂದು ಕಾಯುತ್ತ ಕೂತೆ.

ಊರು ಬಿಟ್ಟು ಬಂದು ನೆಲೆಸಿದ ನೆರೂಳಿನ ನಮ್ಮ ಮೊದಲ ಮಹಡಿಯ ಫ್ಲಾಟಿನಲ್ಲಿ ಹಾಲ್‌ಗೂ ಬಾಲ್ಕನಿಗೂ ನಡುವೆ ನಾಲ್ಕು ಬೆರಳೆತ್ತರದ ಕಟ್ಟೆಯಿತ್ತು, ಮಳೆನೀರಿನ ತಡೆಗೆ. ನಾವದನ್ನು ಹೊಸ್ತಿಲೆಂದೇ ಕರೆಯುತ್ತಿದ್ದೆವು. ಹೋದ ವರ್ಷ ಅದನ್ನು ಎಡವಿ ಬಿದ್ದ ಅತ್ತೆ ಮತ್ತೆ ಬಾಲ್ಕನಿಗೆ ಕಾಲಿಟ್ಟಿರಲಿಲ್ಲ. ಅವರ ತುಳಸಿಗೆ ಅಂದಿನಿಂದ ನಾನೇ ನೀರು ಹಾಕುತ್ತ ಬಂದೆ. ಕೆಳಗೆ ನಿಲ್ಲುವ ಸೊಪ್ಪಿನವನ ಜೊತೆ ಅವರಂತೆ ಚೌಕಾಶಿ ಮಾಡುವುದು ಮಾತ್ರ ನನ್ನಿಂದಾಗಲಿಲ್ಲ.

ಕಟ್ಟೆ ಒಡೆಸಿದ್ದು ಅತ್ತೆಗಾಗಿ ಎಂದು ಬಿಲ್ಡಿಂಗಿನಲ್ಲೆಲ್ಲ ಹೇಳಿಕೊಂಡಿದ್ದೇನೆ. ನಿಜವೆಂದರೆ, ಮಗಳು ಮೊಬೈಲಿನಲ್ಲಿ ತೋರಿಸಿದ ಮನೆಯೊಂದಕ್ಕೆ ಮರುಳಾಗಿದ್ದೆ. ಒಳಗಿನ ಟೈಲ್ಸೇ ಹೊರಗೂ ಹರಿದು, ಸೋಫಾ ಎಲ್ಲಿ ಮುಗಿಯಿತು, ಗಿಡ ಎಲ್ಲಿ ಶುರುವಾಯಿತು ತಿಳಿಯದಂಥ ಮನೆ. ಹೊಸ ವಿನ್ಯಾಸವಂತೆ. ನಮ್ಮ ಉಡುಪಿ ಕಡೆಯ ಜಗಲಿ ಮತ್ತೇನು? ಅಲ್ಲಿ ಕೂತವರು ಒಳಗಿದ್ದಾರೋ ಹೊರಗಿದ್ದಾರೋ ಎಂದು ಯಾರೂ ಕೇಳುತ್ತಿರಲಿಲ್ಲ, ಕಾಫಿ ಬರುತ್ತಿತ್ತು.

ಗಾರೆ ಕೆಲಸಕ್ಕೆ ಬಂದ ವಿಜಯಪುರದ ಶರಣಪ್ಪ ತಲೆ ಕೊಡವಿದ. "ಅಕ್ಕಾರ, ಕಟ್ಟಿ ತಗದ್ರ ಮಳಿ ಸೀದಾ ಬಂದು ನಿಮ್ಮ ಸೋಫಾದ ಮ್ಯಾಲ ಕುಂದರ್ತೈತಿ ನೋಡ್ರಿ!" ಆಮೇಲೆ ತಾನೇ ಹೊರಗಿನ ನೆಲಕ್ಕೆ ಇಳಿಜಾರು ಕೊಟ್ಟು, ಅಂಚಿಗೆ ಸಣ್ಣ ಮೋರಿ ತೆಗೆದ. "ನೀರ ಸುರದು ನೋಡ್ರಿ. ಒಳಗ ಬಂದ್ರ ನಾನ ಬಂದು ಒರಸ್ತೀನಿ."

ಇವತ್ತು ಸುರಿದ ನೀರು ಒಳಗೆ ಬರಲಿಲ್ಲ. ನೆಲ ಒರೆಸಿ ಅತ್ತೆಯನ್ನು ಕರೆದೆ. ವಾಕರ್ ತಳ್ಳುತ್ತ ಬಂದವರು ಕಟ್ಟೆಯಿದ್ದಲ್ಲಿ ನಿಂತೇಬಿಟ್ಟರು.

"ನೀನು ಮೊದಲು ದಾಟು ಮಾರಾಯ್ತಿ, ನೋಡುವ."

ದಾಟಿದೆ. ಇಲ್ಲದ ಕಟ್ಟೆಗಾಗಿ ಅವರು ಕಾಲನ್ನು ನಾಲ್ಕು ಬೆರಳೆತ್ತರ ಎತ್ತಿದರು, ಮತ್ತೆ ಅಲ್ಲೇ ಇಳಿಸಿದರು. ಎರಡನೆಯ ಸಲವೂ ಅಷ್ಟೇ. ನೆಲ ಸಮವಾದದ್ದು ಕಣ್ಣಿಗೆ ತಿಳಿದಿತ್ತು, ಕಾಲಿಗೆ ಯಾರೂ ಹೇಳಿರಲಿಲ್ಲ.

"ಕುರ್ಚಿ ತಾ. ಇಲ್ಲೇ ಇಡು."

ಹೊಸ್ತಿಲ ಮೇಲೆ ಕೂರಬಾರದೆಂದು ಮದುವೆಯಾದಂದಿನಿಂದ ನನ್ನನ್ನು ಗದರಿದವರು ಸರಿಯಾಗಿ ಅದೇ ಜಾಗದಲ್ಲಿ ಕೂತರು.

"ಎಂತ ನಗುದು? ಹೊಸ್ತಿಲು ಎಲ್ಲಿದೆ ಈಗ?"

ಅಷ್ಟರಲ್ಲಿ ಕೆಳಗೆ ಸೊಪ್ಪಿನವನ ಕೂಗು. ಅತ್ತೆ ಕುತ್ತಿಗೆ ಉದ್ದ ಮಾಡಿದರು. "ಭೈಯಾ, ಮೇಥಿ ಕೈಸಾ ದಿಯಾ?"

"ಅರೇ ಅಮ್ಮಾ! ಇತ್ನೇ ದಿನ ಕಹಾಂ ಥೀ? ಬೀಸ್ ರುಪಯಾ!"

"ಬೀಸ್? ಜರಾ ದಿಖಾವ್!"

ಇಷ್ಟು ದಿನ ಎಲ್ಲಿದ್ದಿರಿ ಎಂದದ್ದಕ್ಕೆ ಉತ್ತರ ಆಮೇಲೆ, ಮೊದಲು ಇಪ್ಪತ್ತು ರೂಪಾಯಿಯ ಕಟ್ಟು ಎಷ್ಟು ದಪ್ಪವಿದೆಯೆಂದು ನೋಡಬೇಕಲ್ಲ. ಎದ್ದರು, ವಾಕರ್ ತಳ್ಳಿದರು, ಕಾಲೆತ್ತದೆ ನಡೆದರು, ಬಾಲ್ಕನಿಯ ಕಂಬಿ ಹಿಡಿದು ಬಗ್ಗಿದರು. ನಾನು ಉಸಿರು ಬಿಟ್ಟದ್ದು ಅವರು ಹದಿನೈದಕ್ಕೆ ಇಳಿಸಿದ ಮೇಲೆಯೇ.

ಮಧ್ಯಾಹ್ನ ಮೆಂತೆಸೊಪ್ಪಿನ ಪಲ್ಯ, ಕುಚ್ಚಲಕ್ಕಿ ಅನ್ನ, ಸಾರು, ಹಪ್ಪಳ. ಮೊದಲು ನಿದ್ದೆ ಹೋದದ್ದು ಅತ್ತೆ, ಅದೇ ಕುರ್ಚಿಯಲ್ಲಿ. ತಲೆ ಒಳಗಿನ ಫ್ಯಾನಿನ ಗಾಳಿಗೆ, ಮಂಡಿ ಹೊರಗಿನ ಬಿಸಿಲಿಗೆ. ಬಾಗಿಲು ಎಳೆಯುವಂತಿರಲಿಲ್ಲ. ನಾನೂ ಪಕ್ಕದಲ್ಲೇ ಚಾಪೆ ಹಾಸಿದೆ.