ಕೈಗವಸಿನ ಅಳತೆಯ ಮ್ಯಾಂಡೊಲಿನ್

ನೇಪಲ್ಸ್‌ನ ಸಾನಿತಾ ಕೇರಿಯಲ್ಲಿ ಚರ್ಮದ ಕೈಗವಸು ಹೊಲಿಯುವ ಅಸ್ಸುಂತಾ, ಮುಖ ಮರೆತರೂ ಕೈ ಮರೆಯುವವಳಲ್ಲ. ಗಂಡ ಸಬಾತಿನೊನ ಕ್ಷೌರದಂಗಡಿ ಅದೇ ಬೀದಿಯ ತಿರುವಿನಲ್ಲಿದೆ. ಕನ್ನಡಿಯ ಪಕ್ಕ ಒಂದು ಮ್ಯಾಂಡೊಲಿನ್ ತೂಗುಹಾಕುವುದು ಅಲ್ಲಿನ ಕ್ಷೌರಿಕರ ಹಳೆಯ ರೂಢಿ. ಬಿಡುವಿದ್ದಾಗ ಅವರು ನುಡಿಸುತ್ತಾರೆ, ಸರದಿ ಕಾಯುವವರು ಹಾಡುತ್ತಾರೆ. ಸಬಾತಿನೊನ ಗೋಡೆಯಲ್ಲಿ ಈಗ ಮೊಳೆ ಮಾತ್ರ ಉಳಿದಿತ್ತು.

ಅದು ತನ್ನಿಂದಲೇ ಆದದ್ದೆಂದು ಅಸ್ಸುಂತಾಳಿಗೆ ಗೊತ್ತಿತ್ತು. ಹಿಂದಿನ ಚಳಿಗಾಲ ಅವಳು ನ್ಯುಮೋನಿಯಾದಿಂದ ಮಲಗಿದ್ದಳು. ಉಸಿರು ಸಲೀಸಾಗಲೆಂದು ಮಂಚದ ಪಕ್ಕ ನೀಲಗಿರಿ ಎಲೆಯ ನೀರು ಸದಾ ಕುದಿಯುತ್ತಿತ್ತು. ಸಬಾತಿನೊ ಅಂಗಡಿ ಮುಚ್ಚಿ ಬಂದವನೇ ಆ ಹಬೆಯಲ್ಲಿ ಕುಳಿತು ಅವಳಿಗಾಗಿ ನುಡಿಸುತ್ತಿದ್ದ. ಅವಳು ಎದ್ದು ಓಡಾಡುವ ಹೊತ್ತಿಗೆ ಹಬೆಯ ತೇವಕ್ಕೆ ವಾದ್ಯದ ಅಂಟು ಬಿಟ್ಟು, ಮೇಲ್ಹಲಗೆ ಕುಸಿದಿತ್ತು.

"ಹಳೇದು, ಹೋಗ್ಲಿ ಬಿಡೇ. ನೀನು ಉಳ್ಕೊಂಡ್ಯಲ್ಲ," ಎಂದಿದ್ದ.

ಅವನಿಗೆ ತಿಳಿಯದಂತೆ ಹೊಸದು ತರಬೇಕೆಂದು ಅವಳು ನಿಶ್ಚಯಿಸಿದಳು. ಆದರೆ ಒಂದು ಭಯವಿತ್ತು. ಕಳಪೆ ವಾದ್ಯ ತಂದುಕೊಟ್ಟರೂ ಚೆನ್ನಾಗಿದೆ ಎನ್ನುವ ಗಂಡ ಅವನು. ಹಾಗೆ ಹೇಳಿಕೊಂಡೇ ಜೀವಮಾನವಿಡೀ ಅದನ್ನೇ ನುಡಿಸುವವನು.

ಮ್ಯಾಂಡೊಲಿನ್ ಮಾಡುವ ಮುದುಕ ದೊನ್ ಎಜಿದಿಯೊನ ಅಂಗಡಿಗೆ ಹೋದಾಗ, ಮುತ್ತಿನ ಚಿಪ್ಪು ಕೂರಿಸಿದ ಒಂದು ವಾದ್ಯ ಅವಳ ಕಣ್ಣಿಗೆ ಬಿತ್ತು.

"ಅದು ಗೋಡೆಗೆ ಒಡವೆ ತಾಯಿ, ಊರು ನೋಡೋಕೆ ಬಂದೋರು ಕೊಳ್ತಾರೆ," ಎಂದ ಮುದುಕ. "ನುಡಿಸೋ ಕೈ ಯಾರದು?"

"ಹೇಳಲ್ಲ. ನೀವು ಶನಿವಾರ ಶನಿವಾರ ಗಡ್ಡ ಹೆರೆಸ್ಕೊಳ್ಳೋದು ಎಲ್ಲಿ ಅಂತ ನಂಗೊತ್ತಿಲ್ವಾ? ಆ ಕುರ್ಚೀಲಿ ಕೂತ್ರೆ ಪೋಪನ ಗುಟ್ಟೂ ಹೊರಗ್ಬೀಳತ್ತೆ."

ಮುದುಕ ನಕ್ಕ. "ಹಾಗಿದ್ರೆ ಹೇಳಿಯೇ ಬಿಟ್ಯಲ್ಲಮ್ಮ!"

ಅಸ್ಸುಂತಾ ನಾಲಿಗೆ ಕಚ್ಚಿಕೊಂಡಳು. ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಚೀಲದಿಂದ ಗಂಡನ ಎಡಗೈ ಗವಸು ತೆಗೆದಿಟ್ಟಳು. ಉಂಗುರದ ಬೆರಳಿನ ಗೆಣ್ಣು ಊದಿಕೊಂಡಿದ್ದರಿಂದ ಅಲ್ಲೊಂದು ಪಟ್ಟಿ ಸೇರಿಸಿ ಹೊಲಿದಿದ್ದಳು. ದೊನ್ ಎಜಿದಿಯೊ ಗವಸಿಗೆ ತನ್ನ ಕೈ ತೂರಿಸಿ, ಒಂದೊಂದೇ ವಾದ್ಯದ ಕುತ್ತಿಗೆ ಹಿಡಿದು ನೋಡಿದ. ಚಿಪ್ಪಿನದರಲ್ಲಿ ಆ ಬೆರಳು ಪಕ್ಕದ ತಂತಿಗೂ ತಾಗಿತು. ಕುತ್ತಿಗೆ ಅಗಲವಿದ್ದವು ಎರಡೇ.

"ಈಗ ಗೋಡೆ ಕಡೆ ತಿರುಗಮ್ಮ. ಕಣ್ಣು ಮೋಸ ಮಾಡತ್ತೆ."

ಅವಳು ತಿರುಗಿ ನಿಂತಳು. ಮೊದಲನೆಯದರ ದನಿ ಥಳಥಳ ಹೊಳೆಯಿತು. ಎರಡನೆಯದು ಮೆಲ್ಲಗೆ ಶುರುವಾಗಿ, ಮೀಟಿದ ಮೇಲೂ ಕೋಣೆಯಲ್ಲಿ ತುಸು ಹೊತ್ತು ನಿಂತಿತು. ಅಸ್ಸುಂತಾಳ ಮೂಗಿಗೆ ನೀಲಗಿರಿಯ ವಾಸನೆ ಬಂದಂತಾಯಿತು.

"ಇದೇ," ಎಂದಳು.

ತಿರುಗಿದರೆ, ಒಂದು ಹೂವಿನ ಚಿತ್ತಾರವೂ ಇಲ್ಲದ ಬರೀ ಮರದ ವಾದ್ಯ. ಅವಳು ಮನಸ್ಸು ಬದಲಿಸಲಿಲ್ಲ.

"ನೀವು ಬಾಯಿ ಬಿಟ್ರೆ ನೋಡಿ," ಎಂದಳು.

"ಸೋಪು ಹಚ್ಚಿದ ಬಾಯಿ ತಾಯಿ, ಹೇಗೆ ಬಿಡ್ಲಿ?"

ಶನಿವಾರ ಬೆಳಗ್ಗೆ ಸಬಾತಿನೊ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗಲೇ ಅವಳು ಅಂಗಡಿ ತೆರೆದು ಅದನ್ನು ಮೊಳೆಗೆ ನೇತುಹಾಕಿದಳು. ಅವನು ಅವಸರದಲ್ಲಿ ಬಂದವನು ನೋಡಲೇ ಇಲ್ಲ. ದೊನ್ ಎಜಿದಿಯೊನ ಮುಖಕ್ಕೆ ನೊರೆ ಹಚ್ಚಿ, ಕನ್ನಡಿಯತ್ತ ತಲೆ ಎತ್ತಿದಾಗ ಅವನ ಕೈ ನಿಂತಿತು. ಕತ್ತಿ ಕೆಳಗಿಟ್ಟು ವಾದ್ಯ ಇಳಿಸಿಕೊಂಡ. ಬೆರಳುಗಳು ಕುತ್ತಿಗೆಯ ಮೇಲೆ ಏರಿ ಇಳಿದವು; ಊದಿದ ಬೆರಳು ಎಲ್ಲೂ ತಡವರಿಸಲಿಲ್ಲ. ಒಂದು ರಾಗ ಪೂರ್ತಿ ನುಡಿಸಿದ. ಚೆನ್ನಾಗಿದೆ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಮತ್ತೊಂದು ಶುರುಮಾಡಿದ.

"ಅಯ್ಯಾ, ನೊರೆ ಒಣಗ್ತಿದೆ!" ಎಂದು ಮುದುಕ ಗೊಣಗಿದ.

"ಒಣಗ್ಲಿ ಬಿಡಿ," ಎಂದ ಸಬಾತಿನೊ. ಬಾಗಿಲಲ್ಲಿ ನಿಂತಿದ್ದ ಹೆಂಡತಿಯತ್ತ ತಿರುಗಿದಾಗ ಅವನ ಕಣ್ಣು ತುಂಬಿತ್ತು. "ಅಸ್ಸುಂತಾ, ಆ ಬಿಸಿನೀರಿನ ಪಾತ್ರೆ ಒಂಚೂರು ಆಚೆ ಇಡೇ. ಇದಕ್ಕೆ ಹಬೆ ತಾಗಬಾರದು."