ಹರಿಯಬ್ಬೆಯ ಅವ್ವ ಚಿತ್ರ ನೋಡಲು ಬಂದದ್ದು

ತುರುವನೂರಿನಿಂದ ಹೊಸದುರ್ಗಕ್ಕೆ ನಾನು ಸೊಸೆಯಾಗಿ ಹೋದಾಗ ನನ್ನ ಗಂಡನಿಗೆ ಅದು ಎರಡನೆಯ ಮದುವೆ. ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಮೊದಲ ಹೆಂಡತಿ ಕಾಮಾಲೆಯಾಗಿ ತೀರಿಕೊಂಡಿದ್ದಳು. ಸತ್ತವಳು ಕಾಡಬಾರದೆಂದು ಅತ್ತೆ ನನ್ನ ತಾಳಿಯ ಪಕ್ಕಕ್ಕೆ ಅವಳ ಹೆಸರಿನಲ್ಲಿ ಒಂದು ಪುಟ್ಟ ಬೆಳ್ಳಿ ಬಿಲ್ಲೆ ಕಟ್ಟಿಸಿದ್ದರು. ಅದನ್ನು ಬಿಟ್ಟರೆ ಮನೆಯಲ್ಲಿ ಅವಳ ಗುರುತೇ ಇರಲಿಲ್ಲ. ಒಂದು ಫೋಟೋ ಕೂಡ ಇಲ್ಲ. ಅತ್ತೆಯನ್ನು ಕೇಳಿದರೆ "ಚಿನ್ನದಂಥ ಹುಡುಗಿ ಕಣೆ" ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಗಂಡನನ್ನು ಕೇಳಿದರೆ ಎದ್ದು ಹೊರಗೆ ಹೋಗಿಬಿಡುತ್ತಿದ್ದರು. ಸಾರಿಗೆ ಒಗ್ಗರಣೆ ಹಾಕುವಾಗಲೂ ಅವಳು ಇದಕ್ಕಿಂತ ಚೆನ್ನಾಗಿ ಹಾಕುತ್ತಿದ್ದಳೇನೋ ಅನ್ನಿಸುತ್ತಿತ್ತು. ಆಗ ನನಗಿನ್ನೂ ಇಪ್ಪತ್ತು ತುಂಬಿರಲಿಲ್ಲ.

ಎಪ್ಪತ್ತೈದೋ ಎಪ್ಪತ್ತಾರೋ ಇರಬೇಕು. ಇವರೂ ಇವರ ಕೆಲವು ಗೆಳೆಯರೂ ಸೇರಿ ಚಿತ್ರದುರ್ಗದ ಒಂದು ಹಾಸ್ಟೆಲಿನ ಹಾಲಿನಲ್ಲಿ ಚಿತ್ರಪ್ರದರ್ಶನ ಇಟ್ಟರು. ಕೋಟೆ, ದೇವರು, ಸೂರ್ಯಾಸ್ತ ಯಾವುದೂ ಬೇಡ, ತಮ್ಮ ಹತ್ತಿರದವರನ್ನು ತಮಗೆ ನೆನಪಿರುವ ಹಾಗೆ ಹೊಸ ರೀತಿಯಲ್ಲಿ ಬರೆಯೋಣ ಎಂದು ಮಾತಾಗಿತ್ತಂತೆ. ನನಗೆ ಇದೆಲ್ಲ ಗೊತ್ತಾದದ್ದು ಅದನ್ನು ನೋಡಲು ಹೊರಟ ದಿನ, ಬಸ್ಸಿನಲ್ಲಿ. ಹೊಳಲ್ಕೆರೆ ದಾಟಿದ ಮೇಲೆ ಇವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು, "ಅಲ್ಲಿ ಅವಳ ಚಿತ್ರ ಐತೆ. ನೀನು ಬೇರೆಯವರ ಬಾಯಿಂದ ಕೇಳೋದು ಬೇಡ ಅಂತ ಹೇಳ್ತಿದೀನಿ."

ನಾನು ಹೂಂ ಎಂದೆ. ಇಷ್ಟು ದಿನ ಬರೀ ಹೆಸರಾಗಿದ್ದವಳಿಗೆ ಇನ್ನು ಮುಖ ಬರುತ್ತದೆ, ಅದೂ ಇವರ ಕೈಯಿಂದಲೇ.

ಹಾಲಿನಲ್ಲಿ ಜನ ಕಡಿಮೆ. ಬಾಗಿಲ ಹತ್ತಿರ ಇವರ ಗೆಳೆಯರೊಬ್ಬರು, ದುರ್ಗದ ಹಳೆಯ ಸಾಬರ ಮನೆತನದವರು, ತೀರಿಕೊಂಡ ತಮ್ಮ ತಂದೆಯ ಕೋಟನ್ನು ತುಂಡು ತುಂಡಾಗಿ ಹಲಗೆಗೆ ಅಂಟಿಸಿದ್ದರು. "ಬನ್ರಿ ತಂಗಿ, ಒಳಗೆ ಬರ್ರಿ" ಎಂದು ಕರೆದರು. ನನ್ನ ಕಣ್ಣು ಆಗಲೇ ಎದುರು ಗೋಡೆಗೆ ಹೋಗಿತ್ತು.

ಒಬ್ಬ ಹೆಂಗಸು ನೀಲಿ ಗೋಡೆಗೆ ಒರಗಿ ಕೂತಿದ್ದಾಳೆ. ಮಡಿಲ ತುಂಬ ಶೇಂಗಾ. ಸುಲಿಯುತ್ತಾ ಸುಲಿಯುತ್ತಾ ಹಾಗೇ ನಿದ್ದೆ ಹೋಗಿದ್ದಾಳೆ. ಬಾಯಿ ಅರ್ಧ ತೆರೆದಿದೆ. ಕೈಗಳನ್ನು ಮುಖಕ್ಕಿಂತ ದೊಡ್ಡದಾಗಿ, ಒಂದೊಂದು ಬೆರಳನ್ನೂ ಬಿಡಿಬಿಡಿಯಾಗಿ ಬರೆದಿದ್ದರು. ಮುಖ ಮಾತ್ರ ಮಸುಕು.

ಆ ಚಿತ್ರದ ಮುಂದೆ ಒಬ್ಬ ಮುದುಕಿ ನೆಲದ ಮೇಲೆ ಕೂತಿದ್ದಳು. ನಾನು ಹತ್ತಿರ ಹೋದಾಗ ತಲೆಯೆತ್ತಿ ನನ್ನ ಮುಖ ನೋಡಿದಳು, ಆಮೇಲೆ ಕೊರಳಿನ ಬಿಲ್ಲೆ ನೋಡಿದಳು.

"ನೀನೇ ಏನವ್ವ?" ಎಂದಳು. "ನಾನು ಹರಿಯಬ್ಬೆಯೋಳು. ಇವಳ ಹೆತ್ತವ್ವ. ಅಳಿಯಂದ್ರು ಹೇಳಿ ಕಳಿಸಿದ್ರು. ಕುಂತ್ಕ ಬಾ."

ಏನು ಮಾಡಬೇಕೋ ತಿಳಿಯದೆ ಕಾಲಿಗೆ ನಮಸ್ಕಾರ ಮಾಡಿ ಪಕ್ಕದಲ್ಲಿ ಕೂತೆ. ಈಕೆಯ ಮಗಳ ಜಾಗದಲ್ಲಿ ನಾನಿದ್ದೇನೆ, ಏನಾದರೂ ಅಂದೇ ಅನ್ನುತ್ತಾಳೆ ಎಂದು ಕಾಯುತ್ತಿದ್ದೆ. ಇವರು ಬಂದು ನಮ್ಮಿಬ್ಬರ ಹಿಂದೆ ನಿಂತರು.

"ಏನಪ್ಪ, ಕೈ ಯಾಕೆ ಇಷ್ಟು ದೊಡ್ಡವು ಬರ್ದಿದೀಯ? ಮುಖಾನೇ ಇಲ್ವಲ್ಲ?" ಎಂದು ಮುದುಕಿ ಕೇಳಿದಳು.

ಇವರೂ ನಮ್ಮ ಪಕ್ಕದಲ್ಲಿ ನೆಲಕ್ಕೆ ಕೂತರು. ಆಮೇಲೆ, "ನಂಗೆ ಕೈ ಮಾತ್ರ ನೆನಪದಾವೆ ಅತ್ತೆ. ಮುಖ ಬರ್ತಾ ಇಲ್ಲ. ಎಷ್ಟು ಸಲ ಬರ್ದು ಅಳಿಸಿದೆನೋ. ಯಾರ ಹತ್ರ ಹೇಳಲಿ ಇದನ್ನ? ಕಟ್ಕಂಡೋಳ ಮುಖಾನೇ ಮರೆತೆ ಅಂತ ಹೇಳಲಾ?" ಎಂದರು.

ಈ ಮನುಷ್ಯ ಅವಳನ್ನು ನನ್ನಿಂದ ಬಚ್ಚಿಟ್ಟುಕೊಂಡಿದ್ದಾರೆ ಎಂದು ನಾನು ತಿಳಿದಿದ್ದೆ. ಆದರೆ ಇವರು ಎದ್ದು ಹೋಗುತ್ತಿದ್ದದ್ದು ಅವಳ ಮುಖವೇ ಮರೆತುಹೋದ ನಾಚಿಕೆಗೆ.

ಮುದುಕಿ ಅಳಲಿಲ್ಲ. "ನಾನು ಹೆತ್ತೋಳು ಕಣಪ್ಪ. ನಂಗೂ ಕೆಲವು ದಿನ ಸಿಗಾಕಿಲ್ಲ ಅವಳ ಮುಖ. ಒಬ್ಳೇ ಕುಂತು ಹೆದ್ರಿಕಂತಿದ್ದೆ, ನಾನೆಂಥ ತಾಯಿ ಅಂತ. ನಿಂಗೂ ಹಂಗೇ ಆಗೈತಾ? ಹೋಗ್ಲಿ ಬಿಡು" ಎಂದು ಉಸಿರು ಬಿಟ್ಟಳು. ಆಮೇಲೆ ಚಿತ್ರದ ಕಡೆ ತಿರುಗಿ ನಕ್ಕೇಬಿಟ್ಟಳು. "ಬಾಯಿ ಬಿಟ್ಕಂಡು ಮಲಗಾದು ಮಾತ್ರ ಸರಿಯಾಗಿ ಬರ್ದಿದೀಯ. ಕೆಲ್ಸ ಅಂದ್ರೆ ನಿದ್ದೆ ಬರೋದು ಇವಳಿಗೆ. ನಿಮ್ಮವ್ವನ ಹತ್ರ ಎಷ್ಟು ಬೈಸ್ಕಂತಿದ್ಲು!"

"ಚಿನ್ನದಂಥ ಹುಡುಗಿ ಅಂತಾರಲ್ಲ, ನಮ್ಮತ್ತೆ ಬೈತಿದ್ರಾ?" ಎಂದು ನಾನು ಕೇಳಿಯೇಬಿಟ್ಟೆ.

"ದಿನಾ ಜಗಳ" ಎಂದರು ಇವರು.

ನನಗೆ ನಗು ತಡೆಯಲಾಗಲಿಲ್ಲ. ಸತ್ತವರ ಚಿತ್ರದ ಮುಂದೆ ನಗಬಾರದು ಎಂದು ಸೆರಗು ಕಚ್ಚಿಕೊಂಡರೆ ಮುದುಕಿ ನನ್ನ ತೊಡೆಯ ಮೇಲೆ ಬಡಿದು ತಾನೂ ನಕ್ಕಳು. ಎಷ್ಟು ಹಗುರಾಯಿತೆಂದರೆ, ಆ ಹಾಲಿನಲ್ಲೇ ನನಗೆ ಹಸಿವಾಯಿತು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ.

"ಹೋಟ್ಲಿಗೆ ಹೋಗಾಣ ನಡೀರಿ" ಎಂದರು ಇವರು. ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮೆಣಸಿನಕಾಯಿ ಬಜ್ಜಿ ತಿಂದೆವು. ಮುದುಕಿ ತನ್ನ ಪಾಲಿನ ಒಂದು ಬಜ್ಜಿಯನ್ನು ನನ್ನ ತಟ್ಟೆಗೆ ಹಾಕಿದಳು. ಅವಳನ್ನು ಹಿರಿಯೂರಿನ ಬಸ್ಸು ಹತ್ತಿಸಿದಾಗ ಕಿಟಕಿಯಿಂದ ಕೈ ಚಾಚಿ, "ನಿಂಗೂ ನಾನು ಅವ್ವನೇ. ಬಾರವ್ವ ಊರ ಕಡೆ" ಎಂದಳು. ವಾಪಸು ಬರುವಾಗ ಇವರು ದಾರಿಯುದ್ದಕ್ಕೂ ತೀರಿಕೊಂಡವಳ ಬಗ್ಗೆ ಮಾತಾಡಿದರು. ನಾನು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು.

ಮರುವರ್ಷ ತವರಿನಲ್ಲಿ ನನಗೆ ಮಗಳು ಹುಟ್ಟಿದಾಗ ಹರಿಯಬ್ಬೆಯ ಅವ್ವ ತುರುವನೂರಿಗೆ ಬಂದಳು. ಸವತಿಯ ತಾಯಿ ಬಾಣಂತಿಯ ಕೋಣೆಗೆ ಬರುವುದು ನನ್ನ ಅವ್ವನಿಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೆ ಎರಡು ದಿನದಲ್ಲಿ ಇಬ್ಬರೂ ಬಚ್ಚಲಲ್ಲಿ ಕೂತು, ಮಗುವಿಗೆ ಹುಯ್ಯುವ ನೀರು ಬಿಸಿ ಹೆಚ್ಚಾಯಿತು, ಕಡಿಮೆಯಾಯಿತು ಎಂದು ವಾದ ಮಾಡುತ್ತಿದ್ದರು. ನಾನು ಒಳಗೆ ಮಲಗಿ ಅದನ್ನು ಕೇಳುತ್ತಾ ನೆಮ್ಮದಿಯಾಗಿ ನಿದ್ದೆ ಹೋದೆ.